ತಾಳೆ ಎಣ್ಣೆಯ ಪೊಟ್ಟಣಗಳು: ಯಾವುದನ್ನು ಬಿಡುವುದು, ಯಾವುದನ್ನು ಬದಲಿಸುವುದು

ಕೈಯಲ್ಲಿ ಎರಡು ಬಿಸ್ಕತ್ ಪೊಟ್ಟಣ. ಒಂದರ ಹಿಂಬದಿಯಲ್ಲಿ ತಾಳೆ ಎಣ್ಣೆ ಎಂದಿದೆ, ಇನ್ನೊಂದರಲ್ಲಿ ಸೂರ್ಯಕಾಂತಿ. ಕಾಡು ಉಳಿಯಲಿ ಎನ್ನುವವರು ಯಾವುದನ್ನು ಕೊಳ್ಳಬೇಕು? ಸೂರ್ಯಕಾಂತಿ ಎಂದು ಬಹಳ ಜನ ತಕ್ಷಣ ಹೇಳುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ.

119 ದೇಶಗಳ ಸುಮಾರು 38,000 ಹೊಲಗಳ ಮಾಹಿತಿ ಕೂಡಿಸಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಒಂದು ಲೀಟರ್ ತಾಳೆ ಎಣ್ಣೆಗೆ ಸರಾಸರಿ 2.4 ಚದರ ಮೀಟರ್ ನೆಲ ಬೇಕು. ಸೋಯಾಕ್ಕೆ 10.5, ಸೂರ್ಯಕಾಂತಿಗೆ 17.7. ನೆಲದ ಲೆಕ್ಕದಲ್ಲಿ ತಾಳೆಯನ್ನು ಮೀರಿಸುವ ಬೆಳೆಯೇ ಇಲ್ಲ. ಹವಾಮಾನ ಕೆಡಿಸುವ ಅನಿಲಗಳ (ಮುಂದೆ ಇವನ್ನೇ ‘ಹೊಗೆ’ ಎನ್ನುತ್ತೇವೆ) ಲೆಕ್ಕ ತೆಗೆದರೆ ಸಾಲು ತಲೆಕೆಳಗಾಗುತ್ತದೆ: ಲೀಟರಿಗೆ ತಾಳೆ 7.3 ಕಿಲೋ, ಸೋಯಾ 6.3, ಸೂರ್ಯಕಾಂತಿ 3.6. ಅತಿ ಕಡಿಮೆ ನೆಲ ಕೇಳುವ ಬೆಳೆಯೇ ಅತಿ ಹೆಚ್ಚು ಹೊಗೆ ಬಿಡುತ್ತದೆ. ಇದು ಹೇಗೆ ಎಂಬುದು ಗೊತ್ತಾಗದೆ ಪೊಟ್ಟಣಗಳ ನಡುವೆ ಆಯ್ಕೆ ಮಾಡಲು ಆಗುವುದಿಲ್ಲ.

ತಪ್ಪು ಮರದ್ದಲ್ಲ, ಮರ ನಿಂತ ನೆಲದ್ದು

ಎಣ್ಣೆ ಕೊಡುವ ಈ ತಾಳೆ ಮರ ಪಶ್ಚಿಮ ಆಫ್ರಿಕಾ ಮೂಲದ್ದು. ಇಂದು ಜಗತ್ತಿನ ತಾಳೆ ಎಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ ಬರುತ್ತದೆ. ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಸುಮಾತ್ರಾ, ಬೋರ್ನಿಯೊಗಳ ತಗ್ಗು ಪ್ರದೇಶದಲ್ಲಿ ಪೀಟ್ ಎಂಬ ಕಪ್ಪು ಜವುಗು ನೆಲವಿದೆ. ಸಾವಿರಾರು ವರ್ಷಗಳಿಂದ ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ಕಾಂಡಗಳ ರಾಶಿ ಅದು. ಕೆಲವೆಡೆ ಹತ್ತು ಮೀಟರಿಗೂ ಆಳ. ನೀರು ನಿಂತ ಕಡೆ ತಾಳೆ ಬೆಳೆಯುವುದಿಲ್ಲವಾದ್ದರಿಂದ ಕಾಲುವೆ ತೋಡಿ ನೀರು ಬಸಿಯುತ್ತಾರೆ. ಗಾಳಿ ತಾಗಿದ ಕೂಡಲೇ ಆ ರಾಶಿ ಕೊಳೆಯತೊಡಗುತ್ತದೆ. ಬೆಂಕಿ ಹಚ್ಚದಿದ್ದರೂ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 40 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನೆಲವೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಕುಸಿಯುತ್ತ ಹೋಗುತ್ತದೆ. ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ, ಮೇಲಿನಿಂದ ನೀರು ಸುರಿದರೆ ಆರುವುದಿಲ್ಲ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಅದೆಲ್ಲ ತಾಳೆಗಾಗಿಯೇ ಸುಟ್ಟದ್ದಲ್ಲ, ಆದರೆ ಬಸಿದು ಒಣಗಿಸಿದ ಪೀಟ್ ಇಲ್ಲದಿದ್ದರೆ ಆ ಬೆಂಕಿ ಅಷ್ಟು ದಿನ ಉಳಿಯುತ್ತಿರಲಿಲ್ಲ.

ಗಿರಣಿಯಲ್ಲಿ ಇನ್ನೊಂದು ಸೋರಿಕೆ. ಒಂದು ಟನ್ ಕಚ್ಚಾ ತಾಳೆ ಎಣ್ಣೆ ತೆಗೆದರೆ ಎರಡೂವರೆಯಿಂದ ಮೂರೂವರೆ ಟನ್ ಕೊಳೆನೀರು ಬರುತ್ತದೆ. ತೆರೆದ ಹೊಂಡದಲ್ಲಿ ಬಿಟ್ಟರೆ ಅದರಿಂದ ಮೀಥೇನ್ ಏಳುತ್ತದೆ. ಹೊಂಡಕ್ಕೆ ಹೊದಿಕೆ ಹಾಕಿ ಅನಿಲ ಹಿಡಿದು ಉರಿಸುವ ಗಿರಣಿಗಳಿವೆ, ಹಿಡಿಯದವೂ ಇವೆ.

ಹಾಗಾಗಿ 7.3 ಎಂಬುದು ಸರಾಸರಿ ಮಾತ್ರ. ಹಳೆಯ ರಬ್ಬರ್ ತೋಟವಿದ್ದ ಜಾಗದಲ್ಲಿ ಬೆಳೆದು, ಮೀಥೇನ್ ಹಿಡಿಯುವ ಗಿರಣಿಯಲ್ಲಿ ತೆಗೆದ ತಾಳೆ ಎಣ್ಣೆ ಸೂರ್ಯಕಾಂತಿಯನ್ನೂ ಮೀರಿಸಬಲ್ಲದು. ಪೀಟ್ ಬಸಿದು ಬೆಳೆದದ್ದು ಸರಾಸರಿಗಿಂತ ಎಷ್ಟೋ ಪಟ್ಟು ಕೆಟ್ಟದ್ದು. ಎರಡೂ ಒಂದೇ ಹಡಗಿನ ತೊಟ್ಟಿಯಲ್ಲಿ ಬೆರೆತು ಬಂದರುಗಳಿಗೆ ಬರುತ್ತವೆ. ಕೊಳ್ಳುವವರ ನಿಜವಾದ ಕಷ್ಟ ಇಲ್ಲಿದೆ.

ಒಂದು ಮನೆಯ ಲೆಕ್ಕ

ತಿಂಗಳಿಗೆ 70 ಗ್ರಾಮಿನ ಎಂಟು ನೂಡಲ್ಸ್ ಪೊಟ್ಟಣ, ಎರಡು ಕಿಲೋ ಬಿಸ್ಕತ್, ಒಂದು ಕಿಲೋ ಮಿಕ್ಸ್ಚರ್ ಅಥವಾ ಚಿಪ್ಸ್ ತರುವ ಮನೆಯೊಂದನ್ನು ಇಟ್ಟುಕೊಳ್ಳಿ. ನೂಡಲ್ಸ್‌ನಲ್ಲಿ ಕೊಬ್ಬು ನೂರು ಗ್ರಾಮಿಗೆ 14 ಗ್ರಾಮ್, ಬಿಸ್ಕತ್ತಿನಲ್ಲಿ 18, ಮಿಕ್ಸ್ಚರ್‌ನಲ್ಲಿ 35 ಎಂದು ಹಿಡಿದರೆ ತಿಂಗಳಿಗೆ ಸುಮಾರು 790 ಗ್ರಾಮ್ ಆಗುತ್ತದೆ. ಸ್ವಲ್ಪ ಭಾಗ ಶೇಂಗಾ, ಗೋಧಿಗಳ ಸ್ವಂತ ಕೊಬ್ಬು. ಉಳಿದದ್ದು ಹೆಚ್ಚಿನಂಶ ತಾಳೆ ಎಣ್ಣೆ. ವರ್ಷಕ್ಕೆ ಹತ್ತು ಲೀಟರ್ ಎಂದು ದುಂಡಗೆ ಹಿಡಿಯೋಣ.

ಹತ್ತು ಲೀಟರ್ ತಾಳೆ ಎಣ್ಣೆಗೆ 24 ಚದರ ಮೀಟರ್ ನೆಲ, ಅಂದರೆ ಹದಿನಾರಡಿ ಚೌಕದ ಒಂದು ಕೋಣೆ. ಹೊಗೆ 73 ಕಿಲೋ. ಅಷ್ಟನ್ನೂ ಸೂರ್ಯಕಾಂತಿಗೆ ಬದಲಿಸಿದರೆ ಹೊಗೆ 36 ಕಿಲೋಗೆ ಇಳಿಯುತ್ತದೆ, ಆದರೆ 177 ಚದರ ಮೀಟರ್ ನೆಲ ಬೇಕಾಗುತ್ತದೆ, ಒಂದೂವರೆ ಥರ್ಟಿ-ಫಾರ್ಟಿ ಸೈಟಿಗೂ ಸ್ವಲ್ಪ ಹೆಚ್ಚು. ಸೋಯಾಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಒಂದು ಸೈಟಿನಷ್ಟು ನೆಲ, ಹೊಗೆ 63 ಕಿಲೋ. ಆ ಸೋಯಾ ನಮಗೆ ಬಹುಪಾಲು ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಬರುತ್ತದೆ, ಅಲ್ಲಿಯೂ ಕಾಡು ಮತ್ತು ಸೆರಾಡೊ ಹುಲ್ಲುಗಾವಲು ಕಡಿದ ನೆಲವಿದೆ. ತಾಳೆಯನ್ನು ಬಿಟ್ಟು ಸೋಯಾಕ್ಕೆ ಹೋದವರಿಗೆ ಹೆಚ್ಚೇನೂ ದಕ್ಕುವುದಿಲ್ಲ.

ಈಗ ಮೂರನೇ ದಾರಿ. ಎಣ್ಣೆ ಬದಲಿಸದೆ ಪೊಟ್ಟಣಗಳನ್ನೇ ಅರ್ಧಕ್ಕೆ ಇಳಿಸಿ. ಹೊಗೆ 36 ಕಿಲೋ, ಪೂರ್ತಿ ಸೂರ್ಯಕಾಂತಿಗೆ ಹೋದಷ್ಟೇ. ನೆಲ ಬರೀ 12 ಚದರ ಮೀಟರ್. ಈ ಬರಹದ ಉಳಿದ ಸಲಹೆಗಳೆಲ್ಲ ಇದೇ ಲೆಕ್ಕದಿಂದ ಹುಟ್ಟಿದವು: ಮೊದಲು ಎಣ್ಣೆಯ ಪ್ರಮಾಣ ಇಳಿಸಿ, ಆಮೇಲೆ ಎಣ್ಣೆಯ ಜಾತಿ ನೋಡಿ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2018ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರವೇ. ಅಪಾಯದಲ್ಲಿರುವ 193 ಜೀವಜಾತಿಗಳಿಗೆ ತಾಳೆ ಕೃಷಿ ಕುತ್ತಾಗಿದೆ, ಆದರೂ ಬೇರೆ ಎಣ್ಣೆಗಳಿಗೆ ಒಂಬತ್ತು ಪಟ್ಟಿನವರೆಗೆ ಹೆಚ್ಚು ನೆಲ ಬೇಕಾಗುವುದರಿಂದ ತಾಳೆಯನ್ನು ಸುಮ್ಮನೆ ನಿಷೇಧಿಸಿದರೆ ಹಾನಿ ಬೇರೆ ಕಾಡಿಗೆ ದಾಟುತ್ತದೆ ಎಂದು ಅದರ ವರದಿ ಎಚ್ಚರಿಸಿತು.

ಲೇಬಲ್ ಓದುವ ಬಗೆ

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಎಣ್ಣೆಯ ಹೆಸರನ್ನೂ ಹೇಳಬೇಕು. ‘ಪಾಮ್ ಆಯಿಲ್’, ‘ಪಾಮೋಲಿನ್’, ‘ಪಾಮ್ ಸ್ಟಿಯರಿನ್’ ಮೂರೂ ಒಂದೇ ಹಣ್ಣಿನ ತಿರುಳಿನವು. ತಣಿಸಿ ಸೋಸಿದಾಗ ತೆಳುವಾಗಿ ಉಳಿಯುವುದು ಪಾಮೋಲಿನ್, ಗಟ್ಟಿಯಾಗುವುದು ಸ್ಟಿಯರಿನ್. ‘ಪಾಮ್ ಕರ್ನಲ್’ ಅಂದರೆ ಅದೇ ಹಣ್ಣಿನ ಬೀಜದ ಎಣ್ಣೆ, ಅದೇ ತೋಟದ್ದು. ‘ಇಂಟರ್‌ಎಸ್ಟರಿಫೈಡ್ ವೆಜಿಟಬಲ್ ಫ್ಯಾಟ್’ ಎಂದಷ್ಟೇ ಇದ್ದರೆ ತಾಳೆಯೇ ಎಂದುಕೊಳ್ಳಿ, ಭಾರತದಲ್ಲಿ ಅದಕ್ಕೆ ಅಗ್ಗದ ಕಚ್ಚಾವಸ್ತು ಅದೇ. ನಾಲ್ಕೈದು ಎಣ್ಣೆಗಳ ಹೆಸರು ಬರೆದು ‘ಇವುಗಳಲ್ಲಿ ಒಂದು ಅಥವಾ ಹೆಚ್ಚು’ ಎಂದಿದ್ದರೂ ಹಾಗೆಯೇ ಹಿಡಿಯಬೇಕು. ಆ ವಾರ ಯಾವುದರ ದರ ಇಳಿದಿತ್ತೋ ಅದು ಬಿದ್ದಿರುತ್ತದೆ.

471, 481 ಎಂಬ ಎಮಲ್ಸಿಫೈಯರ್ (ಎಣ್ಣೆ, ನೀರು ಬೆರೆತು ನಿಲ್ಲುವಂತೆ ಮಾಡುವ ಪದಾರ್ಥ) ಸಂಖ್ಯೆಗಳ ಹಿಂದೆಯೂ ತಾಳೆ ಇರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಸಾಮಾನ್ಯವಾಗಿ ಅವು ತೂಕದ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಬ್ರೆಡ್ಡಿನ 471ರ ಬಗ್ಗೆ ಚಿಂತಿಸುತ್ತ ಮಿಕ್ಸ್ಚರ್ ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಳ್ಳುವವರಿದ್ದಾರೆ. ಪೌಷ್ಟಿಕಾಂಶದ ಪಟ್ಟಿಯಲ್ಲಿ ‘ಟೋಟಲ್ ಫ್ಯಾಟ್’ ಸಾಲನ್ನು ನೂರು ಗ್ರಾಮಿನ ಲೆಕ್ಕದಲ್ಲಿ ನೋಡಿ. ಆ ಒಂದು ಸಂಖ್ಯೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ‘ಒಂದು ಸರ್ವಿಂಗ್’ ಲೆಕ್ಕ ಹೋಲಿಕೆಗೆ ಬಾರದು, ಪ್ರತಿ ತಯಾರಕರ ಸರ್ವಿಂಗ್ ಬೇರೆ ಬೇರೆ.

ತಿನಿಸು ತಿನಿಸಿಗೂ ಬೇರೆ ಉತ್ತರ

ನೂಡಲ್ಸ್‌ನಲ್ಲಿ ಆಯ್ಕೆ ಸುಲಭ. ಬೇಯಿಸಿದ ಎಳೆಗಳನ್ನು ಸುಮಾರು 150 ಡಿಗ್ರಿ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುತ್ತಾರೆ. ನೀರು ಆವಿಯಾಗಿ ಬಿಟ್ಟ ತೂತುಗಳಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ, ಅದರಿಂದಲೇ ಎರಡು ನಿಮಿಷಕ್ಕೆ ಮೆತ್ತಗಾಗುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿದ ನೂಡಲ್ಸ್‌ನಲ್ಲಿ ಕೊಬ್ಬು ಒಂದೆರಡು ಗ್ರಾಮ್ ಮಾತ್ರ. ಬೇಯಲು ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಅದು ಸಿಗದಿದ್ದರೆ ಒಣ ಶಾವಿಗೆ ಇದೆಯಲ್ಲ. ಅಕ್ಕಿಯದೋ ರಾಗಿಯದೋ, ಹಬೆಯಲ್ಲಿ ಬೇಯಿಸಿ ಒಣಗಿಸಿದ್ದರಲ್ಲಿ ಎಣ್ಣೆಯೇ ಇಲ್ಲ. ಒಗ್ಗರಣೆಗೆ ನಾಲ್ಕು ಜನರಿಗೆ ಎರಡು ಚಮಚ ಸಾಕು, ಯಾವ ಎಣ್ಣೆ ಎಂಬುದು ನಿಮ್ಮ ಕೈಯಲ್ಲಿದೆ.

ಬಿಸ್ಕತ್ತಿನಲ್ಲಿ ಅಷ್ಟು ಸುಲಭವಲ್ಲ. ಕೋಣೆಯ ಬಿಸಿಯಲ್ಲಿ ಅರೆಗಟ್ಟಿಯಾಗಿ ನಿಲ್ಲುವ ಕೊಬ್ಬು ಇದ್ದರೆ ಮಾತ್ರ ಹಿಟ್ಟು ಗಾಳಿ ಹಿಡಿದು ಪುಡಿಪುಡಿಯಾಗುವ ಹದ ಬರುತ್ತದೆ. ಹಿಂದೆ ಆ ಕೆಲಸಕ್ಕೆ ವನಸ್ಪತಿ ಇತ್ತು. ಅದರಲ್ಲಿರುವ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿದ ಮೇಲೆ ಸಹಜವಾಗಿಯೇ ಅರೆಗಟ್ಟಿಯಾಗಿರುವ ತಾಳೆಯ ಮೇಲಿನ ಅವಲಂಬನೆ ಇನ್ನೂ ಗಟ್ಟಿಯಾಯಿತು. ಹೃದಯಕ್ಕೆ ಅದು ಬೇಕಾಗಿದ್ದ ಕಾನೂನು, ಅದನ್ನು ದೂರಬಾರದು. ಸೂರ್ಯಕಾಂತಿ ಎಣ್ಣೆಯನ್ನೇ ಹಾಕಿ ನೋಡಿದರೆ ಬಿಸ್ಕತ್ ಗಟ್ಟಿಯಾಗುತ್ತದೆ, ಎಣ್ಣೆ ಹೊರಗೆ ಜಿನುಗಿ ಕಾಗದ ಒದ್ದೆಯಾಗುತ್ತದೆ, ಬೇಗ ಕಮಟುತ್ತದೆ. ತಾಳೆ ಇಲ್ಲದ ಬಿಸ್ಕತ್ ಎಂದು ಮಾರುವವರು ಬಹುಮಟ್ಟಿಗೆ ಬೆಣ್ಣೆ ಬಳಸುತ್ತಾರೆ. ಒಂದು ಕಿಲೋ ಬೆಣ್ಣೆಗೆ ಹಸುವಿನ ಹಾಲು ಇಪ್ಪತ್ತು ಲೀಟರಿಗೂ ಹೆಚ್ಚು ಬೇಕು, ಹಸುವಿನ ಹೊಟ್ಟೆಯ ಮೀಥೇನ್ ಅದರ ಹಿಂದಿದೆ. ರುಚಿಗೆ ಬೆಣ್ಣೆ ಬಿಸ್ಕತ್ ತಿನ್ನಿ, ಹವಾಮಾನ ಉಳಿಯಲಿ ಎಂದು ತಿನ್ನಬೇಡಿ. ಕ್ರೀಮ್ ಬಿಸ್ಕತ್ತಿನಿಂದ ಮಾರಿ ಬಿಸ್ಕತ್ತಿಗೆ ಇಳಿದರೆ ಕೊಬ್ಬು ಇಪ್ಪತ್ತರ ಆಸುಪಾಸಿನಿಂದ ಹತ್ತು ಹನ್ನೆರಡು ಗ್ರಾಮಿಗೆ ಬರುತ್ತದೆ. ಬೇಕರಿಯ ಪಫ್ಸ್‌ಗಿಂತ ಬನ್ನಿಗೆ ಇಳಿದರೆ ಇಳಿಕೆ ಇನ್ನೂ ಹೆಚ್ಚು. ಪಫ್ಸ್‌ನ ಪದರಗಳ ನಡುವೆ ಹಚ್ಚುವುದು ಗಟ್ಟಿ ಮಾರ್ಗರೀನ್, ಮುಖ್ಯವಾಗಿ ತಾಳೆಯದು.

ಖಾರದ ತಿನಿಸುಗಳೇ ದೊಡ್ಡ ಬಾಬ್ತು. ಕಾಂಡಿಮೆಂಟ್ಸ್ ಅಂಗಡಿಯ ಬಿಡಿ ನಿಪ್ಪಟ್ಟು, ಕೋಡುಬಳೆ, ಮಿಕ್ಸ್ಚರ್‌ಗೆ ಎಣ್ಣೆಯ ಹೆಸರು ಹೇಳುವ ಲೇಬಲ್ ಸಾಮಾನ್ಯವಾಗಿ ಇರುವುದಿಲ್ಲ, ಕೇಳಿದರೆ ಹೇಳುತ್ತಾರೆ. ಹೆಚ್ಚಾಗಿ ಪಾಮೋಲಿನ್. ಬೆಲೆಯೊಂದೇ ಕಾರಣವಲ್ಲ, ಮತ್ತೆ ಮತ್ತೆ ಕಾಯಿಸಿದರೂ ಅದು ಸೂರ್ಯಕಾಂತಿಯಂತೆ ಬೇಗ ಅಂಟಾಗಿ ನೊರೆ ಬರುವುದಿಲ್ಲ. ಇಲ್ಲಿ ನಿಜವಾದ ಬದಲಿ ಬೇರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕರಿಯದೇ ಇದ್ದದ್ದು. ಹುರಿಗಡಲೆ, ಹುರಿದ ಶೇಂಗಾ, ಮಂಡಕ್ಕಿ, ತೆಳು ಅವಲಕ್ಕಿಯ ಒಗ್ಗರಣೆ. ಕಾಲು ಕಿಲೋ ತೆಳು ಅವಲಕ್ಕಿಯನ್ನು ಮೊದಲು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿ ಮಾಡಿಕೊಂಡರೆ ಮೂರು ಚಮಚ ಎಣ್ಣೆಯ ಒಗ್ಗರಣೆ ಸಾಕು. ಹಸಿ ಅವಲಕ್ಕಿಯನ್ನೇ ಒಗ್ಗರಣೆಗೆ ಸುರಿದರೆ ಅದು ಎಣ್ಣೆ ಹೀರಿ ಮೆತ್ತಗಾಗುತ್ತದೆ, ಆಮೇಲೆ ಇನ್ನಷ್ಟು ಎಣ್ಣೆ ಕೇಳುತ್ತದೆ.

ಮನೆಯಲ್ಲಿ ಚಕ್ಕುಲಿ ಕರಿಯುವುದಾದರೆ ಎಣ್ಣೆ 170ರಿಂದ 180 ಡಿಗ್ರಿ ಇರಲಿ. ಹಿಟ್ಟಿನ ಚೂರು ಹಾಕಿದ ತಕ್ಷಣ ಮೇಲೆದ್ದು ಗುಳ್ಳೆ ಬರಬೇಕು, ಆದರೆ ಕೂಡಲೇ ಕೆಂಪಾಗಬಾರದು. ಕಾಯದ ಎಣ್ಣೆಗೆ ಹಾಕಿದರೆ ಹೊರಪದರ ಗಟ್ಟಿಯಾಗುವ ಮೊದಲೇ ಎಣ್ಣೆ ಒಳಗೆ ಸೇರುತ್ತದೆ. ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ವಾರದೊಳಗೆ ಒಗ್ಗರಣೆಗೆ ಮುಗಿಸಿ. ಬಾಣಲೆಯಲ್ಲಿ ಉಳಿದ ಅರ್ಧ ಲೀಟರ್ ಗಾಣದ ಎಣ್ಣೆಯನ್ನು ಚೆಲ್ಲಿಬಿಟ್ಟರೆ ಪಾಮೋಲಿನ್ ಬಿಟ್ಟು ಗಳಿಸಿದ್ದೆಲ್ಲ ಅಲ್ಲೇ ಹೋಯಿತು.

ಐಸ್‌ಕ್ರೀಮ್ ಎಂದುಕೊಂಡು ಕೊಳ್ಳುವ ಕೋನ್ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬಿರುತ್ತದೆ, ಸಾಮಾನ್ಯವಾಗಿ ತಾಳೆ ಅಥವಾ ತೆಂಗು. ಅಗ್ಗದ ಚಾಕಲೇಟ್ ಹೊದಿಕೆಗಳಲ್ಲೂ ಕೋಕೋ ಬೆಣ್ಣೆಯ ಜಾಗದಲ್ಲಿ ತಾಳೆ ಬೀಜದ ಕೊಬ್ಬು. ತಿನ್ನುವ ಪ್ರಮಾಣ ಸಣ್ಣದಾದ್ದರಿಂದ ಇವುಗಳ ಚಿಂತೆ ಕೊನೆಗಿರಲಿ.

ಬದಲಿ ಎಣ್ಣೆಗಳಲ್ಲಿ ಯಾವುದು

ಅಂಗಡಿಯ ಎಣ್ಣೆಗಳಲ್ಲಿ ನಮ್ಮ ಮೊದಲ ಆಯ್ಕೆ ಅಕ್ಕಿ ತೌಡಿನ ಎಣ್ಣೆ. ಭತ್ತ ಬೆಳೆಯುವುದು ಅಕ್ಕಿಗಾಗಿ, ತೌಡು ಹೇಗೂ ಬರುತ್ತದೆ. ನೂರು ಕಿಲೋ ಭತ್ತದಿಂದ ಏಳೆಂಟು ಕಿಲೋ ತೌಡು, ಅದರಿಂದ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಎಣ್ಣೆ. ಇದಕ್ಕೆಂದು ಒಂದು ಗುಂಟೆಯೂ ಹೊಸದಾಗಿ ಉಳಬೇಕಿಲ್ಲ. ತೊಡಕೂ ಇದೆ. ಅಕ್ಕಿ ಪಾಲಿಶ್ ಆದ ಕೂಡಲೇ ತೌಡಿನ ಕಿಣ್ವ ಎಣ್ಣೆಯನ್ನು ಹುಳಿಯಾಗಿಸತೊಡಗುತ್ತದೆ. ಒಂದೆರಡು ದಿನದೊಳಗೆ ಎಣ್ಣೆ ತೆಗೆಯಬೇಕು, ಇಲ್ಲವೇ ಬಿಸಿ ಮಾಡಿ ಕಿಣ್ವವನ್ನು ಕೊಲ್ಲಬೇಕು. ತಡವಾದ ತೌಡು ದನದ ಮೇವಾಗುತ್ತದೆ. ಹೆಕ್ಸೇನ್ ದ್ರಾವಕದಲ್ಲಿ ತೆಗೆದು ರಿಫೈನ್ ಮಾಡುವುದರಿಂದ ಗಾಣದ ಎಣ್ಣೆಯ ಪರಿಮಳ ಇದಕ್ಕಿಲ್ಲ. ಕರಿಯಲು ಒಳ್ಳೆಯದು.

ಗಾಣದ ಶೇಂಗಾ ಎಣ್ಣೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಬೇಕು. ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಕಾಯಿ ಬಂತೆನ್ನಿ. ಸುಲಿದರೆ 280 ಕಿಲೋ ಬೀಜ, ಗಾಣದಲ್ಲಿ ಕಿಲೋ ಎಣ್ಣೆಗೆ ಎರಡೂವರೆ ಕಿಲೋ ಬೀಜದಂತೆ ಸುಮಾರು 112 ಕಿಲೋ, ಅಂದರೆ 120 ಲೀಟರಿನಷ್ಟು ಎಣ್ಣೆ. ಲೀಟರಿಗೆ 33 ಚದರ ಮೀಟರ್ ನೆಲ! ಹಿಂಡಿ ದನಕ್ಕೆ ಹೋಗುತ್ತದೆ, ಅದರ ಪಾಲನ್ನು ಕಳೆಯಬೇಕು, ಆದರೂ ತಾಳೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಿದ್ದರೂ ನಾವು ಇದನ್ನು ತಾಳೆಗಿಂತ ಮೇಲೆ ಇಡುತ್ತೇವೆ. ಆ ಹೊಲ ನಿನ್ನೆ ಮೊನ್ನೆ ಕಾಡು ಕಡಿದದ್ದಲ್ಲ, ತಲೆಮಾರುಗಳಿಂದ ಉತ್ತದ್ದು. ಬೆಳೆ ಮಳೆಯಲ್ಲೇ ಆಗುತ್ತದೆ, ಬೇರಿನ ಗಂಟುಗಳು ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತವೆ. ಕರ್ನಾಟಕದ ಸೂರ್ಯಕಾಂತಿಗೂ, ಕರಾವಳಿಯ ಹಳೆಯ ತೋಟಗಳ ತೆಂಗಿಗೂ ಇದೇ ಮಾತು. ಆದರೆ ಲೀಟರಿಗೆ ಇಷ್ಟು ನೆಲ ತಿನ್ನುವ ಎಣ್ಣೆಯನ್ನು ಪಾಮೋಲಿನ್ ಸುರಿದ ಹಾಗೆ ಸುರಿಯಲಾಗದು. ಕಡಿಮೆ ಬಳಸುವವರಿಗೆ ಮಾತ್ರ ಇದು ಸರಿಯಾದ ಆಯ್ಕೆ.

ಅಗ್ಗದ ಎಣ್ಣೆಗೆ ಪಾಮೋಲಿನ್ ಬೆರೆತಿದೆಯೇ ಎಂದು ನೋಡಲು ಚಿಕ್ಕ ಬಾಟಲಿಯಲ್ಲಿ ಹಾಕಿ ಒಂದು ರಾತ್ರಿ ಫ್ರಿಜ್‌ನಲ್ಲಿಡುತ್ತಾರೆ. ಸೂರ್ಯಕಾಂತಿಗೆ ಈ ಪರೀಕ್ಷೆ ನಡೆಯುತ್ತದೆ: ಶುದ್ಧವಿದ್ದರೆ ತಿಳಿಯಾಗಿರುತ್ತದೆ, ಪಾಮೋಲಿನ್ ಸಾಕಷ್ಟಿದ್ದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆಗೆ ನಡೆಯುವುದಿಲ್ಲ, ಶುದ್ಧವಾದದ್ದೂ ಫ್ರಿಜ್‌ನಲ್ಲಿ ಮಂಜಾಗಿ ಮಂದವಾಗುತ್ತದೆ. ಇದು ತಿಳಿಯದೆ ಒಳ್ಳೆಯ ಗಾಣದವರನ್ನು ಅನುಮಾನಿಸಬೇಡಿ. ‘ಬ್ಲೆಂಡೆಡ್’ ಎಂದು ಬರೆದ ಎಣ್ಣೆಗಳಲ್ಲಿ ಬೆರಕೆ ಕಾನೂನುಬದ್ಧವೇ, ಪ್ರತಿ ಎಣ್ಣೆ ಕನಿಷ್ಠ ಶೇ. 20 ಇರಬೇಕು.

ಪ್ರಮಾಣಪತ್ರದ ಮುದ್ರೆ

2004ರಲ್ಲಿ ಆರಂಭವಾದ ಆರ್‌ಎಸ್‌ಪಿಒ ಎಂಬ ಸಂಸ್ಥೆ ಸುಸ್ಥಿರ ತಾಳೆ ಎಣ್ಣೆಗೆ ಮುದ್ರೆ ಕೊಡುತ್ತದೆ. ಜಗತ್ತಿನ ಉತ್ಪಾದನೆಯ ಐದನೇ ಒಂದು ಪಾಲಿನಷ್ಟು ಅದರಡಿ ಬರುತ್ತದೆ. 2018ರ ನಿಯಮಗಳು ಕಾಡು ಕಡಿಯುವುದನ್ನೂ ಪೀಟ್ ಮೇಲೆ ಹೊಸದಾಗಿ ನೆಡುವುದನ್ನೂ ತಡೆಯುತ್ತವೆ. ಮುದ್ರೆ ಒಂದೇ ಆದರೂ ಒಳಗೆ ನಾಲ್ಕು ದರ್ಜೆಗಳಿವೆ. ಒಂದೇ ಗಿರಣಿಯವರೆಗೆ ಗುರುತು ಹಿಡಿಯಬಹುದಾದದ್ದು ಮೊದಲನೆಯದು. ಪ್ರಮಾಣಿತ ತೋಟಗಳ ಎಣ್ಣೆಯನ್ನು ಬೇರೆಯದರೊಡನೆ ಬೆರೆಸದೆ ತಂದದ್ದು ಎರಡನೆಯದು. ಮೂರನೆಯದು ‘ಮಾಸ್ ಬ್ಯಾಲೆನ್ಸ್’, ಇದರಲ್ಲಿ ಎಣ್ಣೆ ಬೆರೆಯುತ್ತದೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಪ್ರಮಾಣ ಸರಿಹೊಂದುತ್ತದೆ. ನಾಲ್ಕನೆಯದರಲ್ಲಿ ಕಂಪನಿ ಪ್ರಮಾಣಿತ ಬೆಳೆಗಾರರಿಂದ ಕ್ರೆಡಿಟ್ ಎಂಬ ಕಾಗದದ ಲೆಕ್ಕವನ್ನಷ್ಟೇ ಕೊಳ್ಳುತ್ತದೆ, ಎಣ್ಣೆ ಎಲ್ಲಿಯದಾದರೂ ಆಗಬಹುದು. ಮುದ್ರೆಯ ಕೆಳಗೆ ‘ಮಿಕ್ಸ್ಡ್’ ಎಂದಿದ್ದರೆ ಅದು ಮೂರನೆಯ ದರ್ಜೆ. ಯುರೋಪಿನಲ್ಲಿರುವ ಕನ್ನಡಿಗರಿಗೆ ಈ ಮುದ್ರೆ ಪೊಟ್ಟಣಗಳ ಮೇಲೆ ಸಿಗುತ್ತದೆ, ಅಲ್ಲಿ ಎಣ್ಣೆಯ ಹೆಸರು ಬರೆಯುವುದು 2014ರ ಡಿಸೆಂಬರಿನಿಂದ ಕಡ್ಡಾಯವೂ ಹೌದು. ಮೊದಲ ಎರಡು ದರ್ಜೆಯದು ಸಿಕ್ಕರೆ ಸೋಯಾಕ್ಕಿಂತ ಅದನ್ನೇ ಕೊಳ್ಳಿ ಎನ್ನುತ್ತೇವೆ. ಇಲ್ಲಿನ ಅಂಗಡಿಗಳಲ್ಲಿ ಮುದ್ರೆ ಅಪರೂಪ.

ನಮ್ಮಲ್ಲೇ ಬೆಳೆದ ತಾಳೆ?

2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಹೆಚ್ಚುವರಿ 6.5 ಲಕ್ಷ ಹೆಕ್ಟೇರ್ ಗುರಿ, ಒತ್ತು ಈಶಾನ್ಯ ರಾಜ್ಯಗಳು ಮತ್ತು ಅಂಡಮಾನಿನ ಮೇಲೆ. ಕರ್ನಾಟಕದ ನೀರಾವರಿ ಅಚ್ಚುಕಟ್ಟುಗಳಲ್ಲಿ ತಾಳೆ ನೆಟ್ಟ ರೈತರು ಕಾಡು ಕಡಿದಿಲ್ಲ, ಭತ್ತ ಕಬ್ಬುಗಳ ಜಾಗದಲ್ಲಿ ನೆಟ್ಟಿದ್ದಾರೆ. ಅಲ್ಲಿನ ಪ್ರಶ್ನೆ ನೀರಿನದು, ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 200 ಲೀಟರ್ ಮೀರಿ ಬೇಕು, ಒಂಬತ್ತು ಮೀಟರ್ ಅಂತರದಲ್ಲಿ ಎಕರೆಗೆ 57 ಮರ. ಗೊನೆ ಕೊಯ್ದ 24 ಗಂಟೆಯೊಳಗೆ ಗಿರಣಿ ಸೇರದಿದ್ದರೆ ಎಣ್ಣೆ ಹುಳಿಯಾಗಿ ದರ ಬೀಳುತ್ತದೆ, ಆದ್ದರಿಂದ ಗಿರಣಿ ದೂರವಿದ್ದವರಿಗೆ ಇದು ನಷ್ಟದ ಬೆಳೆ. ಈಶಾನ್ಯದ ಕಥೆ ಬೇರೆ. ಮಿಜೋರಾಮಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಝೂಮ್ ಬೇಸಾಯದ ನೆಲದಲ್ಲಿ ಇರುವಷ್ಟು ಕಾಡುಹಕ್ಕಿಗಳು ತಾಳೆ ತೋಟದಲ್ಲಿ ಇಲ್ಲವೆಂದು ತೋರಿಸಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಟಿ.ಆರ್. ಶಂಕರ್ ರಾಮನ್ ಅದರ ಲೇಖಕರಲ್ಲೊಬ್ಬರು. ಸ್ವದೇಶಿ ಎಂದ ಮಾತ್ರಕ್ಕೆ ತಾಳೆ ಹಸಿರಾಗುವುದಿಲ್ಲ. ದೇಶದೊಳಗಿನ ಉತ್ಪಾದನೆ ಆಮದಿನ ಹತ್ತನೇ ಒಂದು ಪಾಲೂ ಇಲ್ಲ, ಯಾವ ಪೊಟ್ಟಣದಲ್ಲಿ ಯಾವುದು ಎಂದು ಕೊಳ್ಳುವವರಿಗೆ ತಿಳಿಯುವುದೂ ಇಲ್ಲ.

ತಿಳಿಯಲು ಇರುವ ದಾರಿ ಕೇಳುವುದು. ನಿಮ್ಮ ಮನೆಗೆ ಹೆಚ್ಚು ಬರುವ ಒಂದು ಬ್ರ್ಯಾಂಡಿನ ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ಇಮೇಲಿಗೆ ಮೂರು ಪ್ರಶ್ನೆ ಬರೆಯಿರಿ. ತಾಳೆ ಎಣ್ಣೆ ಬರುವ ಗಿರಣಿಗಳ ಪಟ್ಟಿಯನ್ನು ಪ್ರಕಟಿಸಿದ್ದೀರಾ? ಪ್ರಮಾಣಿತ ಎಣ್ಣೆಯಾದರೆ ನಾಲ್ಕರಲ್ಲಿ ಯಾವ ದರ್ಜೆ, ನೂರಕ್ಕೆ ಎಷ್ಟು? ಭಾರತದಲ್ಲಿ ಮಾರುವ ಪೊಟ್ಟಣಕ್ಕೂ ಯುರೋಪಿಗೆ ಹೋಗುವ ಪೊಟ್ಟಣಕ್ಕೂ ಒಂದೇ ಎಣ್ಣೆಯೇ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಅದೊಂದನ್ನೇ ಮತ್ತೆ ಕೇಳಿ.